ಹಿಮದಲ್ಲಿ ಬರಿಗಾಲು

ಆಸ್ಟ್ರೇಲಿಯಾದಿಂದ ಮರಳಿ ಹತ್ತು ತಿಂಗಳಾದರೂ ಧಾರವಾಡದಲ್ಲಿ ಸಿಕ್ಕವರು ಕೇಳುವುದನ್ನು ಬಿಟ್ಟಿಲ್ಲ. ಸಂತೆಯಲ್ಲಿ ಮೆಂತ್ಯಪಲ್ಲೆಯ ಸಿವುಡು ಆರಿಸುತ್ತ ನಿಂತಾಗ ಹಿಂದಿನಿಂದ ಯಾರೋ ಹಳೆಯ ವಿದ್ಯಾರ್ಥಿನಿ, ಟೀಚರ್, ಹ್ಯಾಂಗಿತ್ರಿ ಆಸ್ಟ್ರೇಲಿಯಾ ಅನ್ನುತ್ತಾಳೆ. ಥಂಡಿ ಇತ್ತು ಎಂದು ಹೇಳಿ ಸಿವುಡನ್ನು ಚೀಲಕ್ಕೆ ಹಾಕಿಕೊಳ್ಳುತ್ತೇನೆ. ಅವಳಿಗೆ ಕಾಂಗರೂ ಬೇಕು, ಸಿಡ್ನಿಯ ಸೇತುವೆ ಬೇಕು, ಮೆಲ್ಬರ್ನಿನ ಟ್ರಾಮ್ ಬೇಕು. ಎಲ್ಲವನ್ನೂ ನೋಡಿದ್ದೇನೆ. ಆದರೆ ಹೇಳಲು ಬಾಯಿ ತೆಗೆದರೆ ನಮ್ಮವರ ಬಲಗಾಲೇ ಕಣ್ಣ ಮುಂದೆ ಬಂದು ನಿಲ್ಲುತ್ತದೆ. ಅವರ ಕಾಲಿನ ವಿಷಯ ಗೊತ್ತಿದ್ದವರು ಕೇಳುವುದಿಲ್ಲ. ಗೊತ್ತಿಲ್ಲದವರಿಗೆ ದಿನಾ ಸುಳ್ಳು ಹೇಳಿ ಸಾಕಾಗಿದೆ, ಅದಕ್ಕೇ ಇದನ್ನು ಬರೆಯಲು ಕೂತೆ. ಓದಿ ನನ್ನನ್ನು ಬೈದರೂ ಬೇಜಾರಿಲ್ಲ, ನಾನೇ ಬೈದುಕೊಂಡಷ್ಟು ನೀವು ಬೈಯಲಾರಿರಿ.

ಗಿರಾವೀನ್

ತಂಗಿ ವಿಜಿಯ ಮನೆ ಸಿಡ್ನಿಯ ಗಿರಾವೀನಿನಲ್ಲಿ. ಬೆಳಿಗ್ಗೆ ವಾಕಿಂಗ್ ಹೊರಟರೆ ಎದುರಿಗೆ ಬರುವವರಲ್ಲಿ ಅರ್ಧಕ್ಕರ್ಧ ಜನ ನಮ್ಮ ಕಡೆಯವರೇ. ಸೀರೆಯ ಮೇಲೆ ಕೋಟು, ಕಾಲಿಗೆ ಸ್ಪೋರ್ಟ್ಸ್ ಶೂ. ವಿಜಿಯ ಗಂಡ ಅನಿಲ ಬೆಂಗಳೂರಿನವನು. ಮಾರ್ಟ್‌ಗೇಜಿನ ಮಾತು ಬಿಟ್ಟರೆ ಹವಾಮಾನದ ಮಾತು, ಅದೂ ಬಿಟ್ಟರೆ ಡ್ರೈವಿಂಗಿನ ಮಾತು, ಇಷ್ಟರಲ್ಲಿ ಅವನ ಪ್ರಪಂಚ. ಒಳ್ಳೆಯ ಹುಡುಗ. ನಮ್ಮವರನ್ನು ಭಾವ, ಭಾವ ಎಂದು ಹಿಂದೆಯೇ ತಿರುಗುತ್ತಿದ್ದ. ಅವರ ಒಬ್ಬಳೇ ಮಗಳು ಮೇಘನಾ ಮೆಲ್ಬರ್ನಿನಲ್ಲಿ ಓದುತ್ತಾಳೆ.

ನಮ್ಮವರು ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರರಾಗಿದ್ದವರು. ಅದೇ ಶಾಲೆಯಲ್ಲಿ ನಾನು ಗಣಿತ ಕಲಿಸುತ್ತಿದ್ದೆ. ಖೋಖೋ ಎಂದರೆ ಅವರಿಗೆ ಜೀವ. ನಿವೃತ್ತಿಯಾದ ಮೇಲೂ ಸಂಜೆ ಮೈದಾನಕ್ಕೆ ಹೋಗಿ ಹುಡುಗಿಯರಿಗೆ ಬೈದು ಬರದಿದ್ದರೆ ಊಟ ಸೇರುತ್ತಿರಲಿಲ್ಲ. ಸಿಡ್ನಿಯಲ್ಲಿ ಅವರಿಗೆ ಎಲ್ಲಕ್ಕಿಂತ ಬೆರಗು ತಂದದ್ದು ಸಮುದ್ರವಲ್ಲ, ಸೂಪರ್ ಮಾರ್ಕೆಟ್ಟಿಗೆ ಬರಿಗಾಲಲ್ಲಿ ಬಂದು ಹಾಲಿನ ಕ್ಯಾನ್ ಎತ್ತಿಕೊಂಡು ಹೋದ ಒಬ್ಬ ಮನುಷ್ಯ. ಚಳಿಗಾಲದಲ್ಲಿ, ಆ ತಣ್ಣನೆಯ ನೆಲದ ಮೇಲೆ! ಇಲ್ಲಿಯವರು ಅಂಗಡಿಗೆ ಬರಿಗಾಲಲ್ಲಿ ಹೋಗುತ್ತಾರೆ, ಮನೆಯೊಳಗೆ ಬೂಟು ಹಾಕಿಕೊಂಡು ತಿರುಗುತ್ತಾರೆ, ನಮ್ಮದು ಪೂರಾ ಉಲ್ಟಾ ಎಂದು ಎರಡು ದಿನ ಅದನ್ನೇ ಹೇಳಿ ನಕ್ಕರು. ಅವರಿಗೆ ಒಳಗೊಳಗೇ ಹೊಟ್ಟೆಕಿಚ್ಚು ಎಂದು ನನಗೆ ಗೊತ್ತಿತ್ತು.

ಏಕೆಂದರೆ ಅವರಿಗೆ ಬರಿಗಾಲು ನಿಷೇಧ. ಹದಿನೆಂಟು ವರ್ಷದ ಶುಗರ್ ಎರಡೂ ಪಾದದ ಸ್ಪರ್ಶವನ್ನು ತಿಂದುಹಾಕಿತ್ತು. ಎಡಗಾಲಿನಲ್ಲಿ ಅಷ್ಟಿಷ್ಟು ಉಳಿದಿತ್ತು, ಬಲಗಾಲಿನಲ್ಲಿ ಏನೂ ಇರಲಿಲ್ಲ. ಒಮ್ಮೆ ಮೈದಾನದಿಂದ ಮನೆಯವರೆಗೆ ಹಿಮ್ಮಡಿಯಲ್ಲಿ ಮೊಳೆ ಇಟ್ಟುಕೊಂಡೇ ನಡೆದು ಬಂದಿದ್ದರು, ಪಡಸಾಲೆಯ ಮೇಲೆ ರಕ್ತ ನೋಡಿ ಚೀರಿದವಳು ನಾನು. ಮನೆಯೊಳಗೂ ಚಪ್ಪಲಿ ಬಿಡಬಾರದೆಂದು ಡಾಕ್ಟರು ಹೇಳಿದ್ದರು. ನಾನು ಒಪ್ಪಿದ್ದೆ, ದೇವರ ಕೋಣೆಯೊಂದನ್ನು ಬಿಟ್ಟು. ಆ ವಿನಾಯಿತಿ ಡಾಕ್ಟರು ಕೊಟ್ಟದ್ದಲ್ಲ, ನಾನು ಇಟ್ಟುಕೊಂಡದ್ದು. ವಿಜಿಯ ಮನೆಯಲ್ಲಿ ದೇವರು ಅಡುಗೆಮನೆಯ ಕಪಾಟಿನೊಳಗೆ ಇದ್ದುದರಿಂದ ಅವರು ಚಹಾ ಕೇಳಲು ಬಂದಾಗಲೆಲ್ಲ ಚಪ್ಪಲಿ ಕಳಚಬೇಕಾಗುತ್ತಿತ್ತು. ವಿಜಿ ನಗುತ್ತಿದ್ದಳು. ನಾನು ನಗುತ್ತಿರಲಿಲ್ಲ.

ಜಿಂಡಬೈನ್

ಜುಲೈ ತಿಂಗಳು, ಅಲ್ಲಿ ಕಡು ಚಳಿಗಾಲ. ಮೇಘನಾಳನ್ನು ನೋಡಲು ಮೆಲ್ಬರ್ನಿಗೆ ಹೋಗುವುದಿತ್ತು. ನೇರ ಹೆದ್ದಾರಿಯಲ್ಲಿ ಹೋದರೆ ಒಂದೇ ದಿನ. ಆದರೆ ವಿಜಿಗೆ ಅಕ್ಕನಿಗೆ ಹಿಮ ತೋರಿಸುವ ಆಸೆ, ನನಗೂ ನೋಡುವ ಆಸೆ. ಹಾಗಾಗಿ ಬೆಟ್ಟದ ದಾರಿ ಹಿಡಿದೆವು. ಹೊರಡುವ ಮುನ್ನ ಗಿರಾವೀನಿನ ಪಕ್ಕದ ಪೆಂಡಲ್ ಹಿಲ್‌ನ ಅಂಗಡಿಗಳಲ್ಲಿ ಅವಲಕ್ಕಿ, ಶೇಂಗಾ, ಊದಿನಕಡ್ಡಿ ಎಲ್ಲ ಕೊಂಡೆವು. ನಮ್ಮ ಪಟ್ಟಿಯಲ್ಲಿ ಏನೇನೋ ಇತ್ತು, ನಮ್ಮವರ ಕಾಲಿಗೆ ಹಿಮದ ಬೂಟು ಮಾತ್ರ ಇರಲಿಲ್ಲ.

ಜಿಂಡಬೈನ್ ಸರೋವರದ ದಂಡೆಯ ಊರು. ಒಂದು ರಾತ್ರಿ ಅಲ್ಲಿ ತಂಗಿ, ಬೆಳಿಗ್ಗೆ ಬಾಡಿಗೆ ಅಂಗಡಿಗೆ ಹೋದೆವು. ಕಾರಿನ ಗಾಲಿಗೆ ಸುತ್ತುವ ಕಬ್ಬಿಣದ ಸರಪಳಿ, ನೀರು ಹಿಡಿಯದ ಚೊಣ್ಣ, ಬೂಟು, ಎಲ್ಲ ಅಲ್ಲಿ ಬಾಡಿಗೆಗೆ ಸಿಗುತ್ತದೆ. ನಮ್ಮವರಿಗೆ ಕೊಟ್ಟ ಬೂಟು ಬಿಗಿಯಾಯಿತು. ಬಿಗಿ ಬೂಟು ಹಾಕಬಾರದೆಂದೂ ಡಾಕ್ಟರು ಹೇಳಿದ್ದರಲ್ಲ, ಅದನ್ನು ನಾನೇ ನೆನಪು ಮಾಡಿಕೊಟ್ಟೆ. ಕೊನೆಗೆ ಅವರು ತಮ್ಮ ಬಿಳಿ ಕ್ಯಾನ್ವಾಸ್ ಬೂಟಿನಲ್ಲೇ ಹೊರಟರು. ಕಾರಿನಿಂದ ಇಳಿಯುವುದು ಎಷ್ಟು ಹೊತ್ತು ಎಂದು ನನಗೂ ಅನಿಸಿತು.

ಅಂಗಡಿಯ ಹೆಂಗಸು ಸರಪಳಿ ಕೊಡುವಾಗ ಅನಿಲನಿಗೆ ಗೋಡೆಯ ಮೇಲಿನ ಹವಾಮಾನದ ಹಾಳೆ ತೋರಿಸಿ, ಮಧ್ಯಾಹ್ನಕ್ಕೆ ಗಾಳಿ ಏಳುತ್ತದೆ, ಅದಕ್ಕೆ ಮೊದಲು ಬೆಟ್ಟದ ಆ ಕಡೆಗೆ ಇಳಿದುಬಿಡಿ ಎಂದು ಎಚ್ಚರಿಸಿದಳು. ಅನಿಲ ದಾರಿಯುದ್ದಕ್ಕೂ ಗಡಿಯಾರ ನೋಡುತ್ತಿದ್ದುದು ಅದಕ್ಕೇ. ನಾನು ಮಾತ್ರ ಕಿಟಕಿಯ ಗಾಜಿಗೆ ಮುಖ ಒತ್ತಿಕೊಂಡು ಕೂತಿದ್ದೆ. ಐವತ್ತೊಂಬತ್ತು ವರ್ಷದ ಮೇಲೆ ಮೊದಲ ಸಲ ಹಿಮ ಕಂಡೆ. ಕೈಲಾಸವನ್ನು ಕ್ಯಾಲೆಂಡರಿನಲ್ಲಿ ಮಾತ್ರ ನೋಡಿದವಳಿಗೆ ಏನಾಗಬೇಕೋ ಅದೇ ಆಯಿತು. ಕಣ್ಣಲ್ಲಿ ನೀರು ಬಂತು, ಬಾಯಲ್ಲಿ ಶಿವ ಶಿವ ಎಂದು ಬಂತು.

ಡೆಡ್ ಹಾರ್ಸ್ ಗ್ಯಾಪ್

ಬೆಟ್ಟದ ಆ ಕಣಿವೆಗೆ ಸತ್ತ ಕುದುರೆಯ ಹೆಸರು. ದಾರಿಯ ಎತ್ತರದ ಜಾಗ ಅದು. ಕಾರು ನಿಲ್ಲಿಸಲು ಸ್ವಲ್ಪ ಬಯಲು, ಸುತ್ತ ಬಾಗಿದ ನೀಲಗಿರಿ ಮರಗಳು. ಹಿಮ ಹತ್ತಿ ಹಿಂಜಿದ ಹಾಗೆ ಹಗುರಾಗಿ ಬೀಳುತ್ತಿತ್ತು. ಫೋಟೋಕ್ಕೆ ಐದು ನಿಮಿಷ ಎಂದು ಅನಿಲ ಕಾರು ನಿಲ್ಲಿಸಿದ.

ನಾನು ಇಳಿದವಳೇ ಎರಡೂ ಕೈಯಲ್ಲಿ ಹಿಮ ಒಟ್ಟತೊಡಗಿದೆ. ಬೇರೆಯವರು ಹಿಮದಲ್ಲಿ ಮನುಷ್ಯನ ಗೊಂಬೆ ಮಾಡುತ್ತಾರಂತೆ. ನನ್ನ ಕೈಯಲ್ಲಿ ಆದದ್ದು ಲಿಂಗ. ವಿಜಿಯೂ ಸೇರಿದಳು. ಮೊಣಕಾಲೆತ್ತರದ ಲಿಂಗ, ಅದಕ್ಕೆ ಪೀಠ, ಪರ್ಸಿನಲ್ಲಿದ್ದ ವಿಭೂತಿಯಿಂದ ಮೂರು ಗೆರೆ. ಬಿಲ್ವಪತ್ರೆಯ ಬದಲು ನೀಲಗಿರಿಯ ಮೂರೆಲೆ ಏರಿಸಿದೆ. ಅಂದು ಸೋಮವಾರ ಬೇರೆ. ಮೂವತ್ತು ವರ್ಷದಿಂದ ಸೋಮವಾರ ಒಪ್ಪತ್ತು ಮಾಡುವವಳಿಗೆ ಇದಕ್ಕಿಂತ ದೊಡ್ಡ ಪುಣ್ಯ ಇನ್ನೆಲ್ಲಿದೆ ಎಂದುಕೊಂಡೆ. ನೂರೆಂಟು ಸಲ ಪಂಚಾಕ್ಷರಿ ಹೇಳಿಯೇ ಹೊರಡುವುದೆಂದು ನಿರ್ಧರಿಸಿ ಬೂಟು, ಸಾಕ್ಸು ಕಳಚಿದೆ, ವಿಜಿಯೂ ಕಳಚಿದಳು.

ನಮ್ಮವರು ಕೈ ಕಟ್ಟಿಕೊಂಡು ನನ್ನ ಪಕ್ಕ ಬಂದು ನಿಂತರು. ಅವರಿಗೆ ದೇವರ ಮೇಲೆ ಸಿಟ್ಟೂ ಇಲ್ಲ, ಪ್ರೀತಿಯೂ ಇಲ್ಲ. ನನ್ನ ಸಲುವಾಗಿ ನಿಲ್ಲುತ್ತಾರೆ. ನಾನು ಅವರ ಕಾಲ ಕಡೆ ನೋಡಿದೆ.

"ದೇವರ ಮುಂದ ಬೂಟ್ ಹಾಕ್ಕೊಂಡು ನಿಲ್ತೀರೇನ್ರಿ?"

ಅಷ್ಟೇ ಮಾತು. ಅವರು ಬಗ್ಗಿ ಲೇಸು ಬಿಚ್ಚಿದರು. ಬರಿಗಾಲನ್ನು ಹಿಮದ ಮೇಲೆ ಊರಿದರು. ನಾನು ಕಣ್ಣು ಮುಚ್ಚಿ ಎಣಿಸತೊಡಗಿದೆ. ವಿಜಿ ಹತ್ತು ಎಣಿಸುವುದರೊಳಗೆ ಕುಣಿಯುತ್ತ ಹೋಗಿ ಬೂಟು ಹಾಕಿಕೊಂಡಳು, ಅದು ಸದ್ದಿನಲ್ಲೇ ಗೊತ್ತಾಯಿತು. ನನ್ನ ಪಾದ ಮೊದಲು ಉರಿದು ಆಮೇಲೆ ಮರಗಟ್ಟಿದವು. ಉರಿದಷ್ಟೂ ನನಗೆ ಭಕ್ತಿ ಹೆಚ್ಚಾಯಿತು. ಐವತ್ತರ ಹತ್ತಿರ ಬಂದಾಗ ಕಿವಿಯ ಹತ್ತಿರ ಅನಿಲ ಮೆಲ್ಲಗೆ ಹೇಳಿದ.

"ಅಕ್ಕಾ, ವೆದರ್ ಚೇಂಜ್ ಆಗ್ತಿದೆ. ಇಷ್ಟು ಸಾಕು, ಮಿಕ್ಕಿದ್ದು ಕಾರಲ್ಲಿ ಮಾಡಿ."

ಕೈ ಸನ್ನೆಯಲ್ಲೇ ಅವನನ್ನು ಸುಮ್ಮನಾಗಿಸಿದೆ. ಗಣಿತದವಳು ನಾನು, ನೂರೆಂಟು ಎಂದರೆ ನೂರೆಂಟು. ಕಣ್ಣು ತೆರೆದಾಗ ಎದುರಿನ ಬೆಟ್ಟ ಇರಲಿಲ್ಲ. ಹಾದಿಯೂ ಕಾಣದಂತೆ ಬಿಳಿ ಕವಿದಿತ್ತು, ಗಾಳಿ ಶಿಳ್ಳೆ ಹಾಕುತ್ತಿತ್ತು. ಎಲ್ಲರೂ ಓಡಿ ಕಾರು ಹತ್ತಿದೆವು. ನಮ್ಮವರು ಒದ್ದೆ ಪಾದವನ್ನೇ ಸಾಕ್ಸಿಗೆ ತುರುಕಿ, ಅಷ್ಟರಲ್ಲಿ ಹಿಮ ತುಂಬಿಕೊಂಡಿದ್ದ ಬೂಟಿಗೆ ತುರುಕಿ, ನನ್ನ ಪಕ್ಕ ಕೂತರು. ವಿಜಿ ತೆಗೆದ ಫೋಟೋ ಚೆನ್ನಾಗಿ ಬಂದಿತ್ತು.

ಇಳಿಜಾರು

ಹಿಮಗಾಳಿ ಎಂಬುದನ್ನು ನಮ್ಮ ಯಾವ ಮಳೆಗೂ ಹೋಲಿಸಲಾರೆ. ಮಳೆಗೆ ದಿಕ್ಕಿದೆ, ಮೇಲಿನಿಂದ ಕೆಳಗೆ ಬೀಳುತ್ತದೆ. ಇದು ಕೆಳಗಿನಿಂದಲೂ ಬಂತು, ಅಡ್ಡಡ್ಡವೂ ಬಂತು. ಕಾರಿನ ಮೂತಿ ಕಾಣುತ್ತಿರಲಿಲ್ಲ. ಅನಿಲ ಹಲ್ಲು ಕಚ್ಚಿಕೊಂಡು ಆಮೆಯ ಹಾಗೆ ಇಳಿಸುತ್ತಿದ್ದ. ಒಂದು ತಿರುವಿನಲ್ಲಿ ಎದುರಿಗೆ ಮರ ಬಿದ್ದದ್ದು ಕಂಡು ಬ್ರೇಕ್ ಒತ್ತಿದ. ಕಾರು ಜಾರಿ ಹೋಗಿ ರಸ್ತೆ ಬದಿಯ ಹಿಮದ ದಿಬ್ಬಕ್ಕೆ ಮುಖ ಹುಗಿದು ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ. ಇನ್ನೊಂದು ಬದಿಗೆ ಜಾರಿದ್ದರೆ ಕೆಳಗೆ ಪ್ರಪಾತ.

ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ಇಂಜಿನ್ ಚಾಲೂ ಇಟ್ಟರೆ ಬೆಚ್ಚಗಾಗುತ್ತದೆ, ಆದರೆ ಹೊಗೆಯ ಕೊಳವೆ ಹಿಮದಲ್ಲಿ ಹೂತಿದ್ದರೆ ವಿಷದ ಗಾಳಿ ಒಳಗೇ ತುಂಬಿ ಮಲಗಿದವರು ಏಳುವುದಿಲ್ಲ ಎಂದ ಅನಿಲ. ಎರಡು ಸಲ ಹೊರಗೆ ಹೋಗಿ ಕೈಯಿಂದ ಕೊಳವೆ ಬಿಡಿಸಿದ, ಎರಡು ಸಲವೂ ಅದು ಮತ್ತೆ ಮುಚ್ಚಿತು. ಆಮೇಲೆ ಇಂಜಿನ್ ಆರಿಸಿಬಿಟ್ಟ. ಕಿಟಕಿಗಳೆಲ್ಲ ಬೆಳ್ಳಗಾಗಿ ಒಳಗೆ ಮಬ್ಬು ಬೆಳಕು. ನಾಲ್ಕು ಜನರ ಉಸಿರು ಗಾಜಿನ ಒಳಗೆ ಹೆಪ್ಪುಗಟ್ಟುತ್ತಿತ್ತು. ಇಲ್ಲೇ ನಮ್ಮ ಕಥೆ ಮುಗಿಯಿತು ಎಂದು ನನಗೆ ಖಾತ್ರಿಯಾಯಿತು. ವಿಜಿ ಮೇಘನಾಳ ಹೆಸರು ಹೇಳಿ ಹೇಳಿ ಅಳುತ್ತಿದ್ದಳು.

ನಮ್ಮವರು ಅಂಥ ಹೊತ್ತಿನಲ್ಲಿ ಪಿ.ಟಿ. ಪೀರಿಯಡ್ ಶುರು ಮಾಡಿದರು. ಕೂತಲ್ಲೇ ಕೈ ಮೇಲೆ, ಕೈ ಕೆಳಗೆ, ಭುಜ ತಿರುಗಿಸು, ಒಂದು, ಎರಡು, ಮೂರು. ಅನಿಲ ಮಾಡಲಿಲ್ಲವೆಂದು ಗದರಿದರು. ವಿಜಿ ಅಳುತ್ತಲೇ ಕೈ ಎತ್ತಿದಳು. ನಾನು ಶಾಲು ಬಿಚ್ಚಿ ಅವರ ಮೈಗೆ ಹೊದಿಸಿದೆ. ಮೈಗೆ, ಕಾಲಿಗಲ್ಲ. ಒದ್ದೆ ಸಾಕ್ಸು ತೆಗೆಯಬೇಕೆಂದು ನಮ್ಮ ನಾಲ್ವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ, ಏಕೆಂದರೆ ಅವರು ಒಮ್ಮೆಯೂ ಕಾಲು ಎನ್ನಲಿಲ್ಲ. ಒದ್ದೆ ಬಟ್ಟೆ ಹಾಗೇ ಬಿಟ್ಟರೆ ನೆಗಡಿಯಾಗುತ್ತದೆ ಎನ್ನುವಷ್ಟೇ ನಮ್ಮ ಊರಿನ ತಿಳುವಳಿಕೆ.

ನಾಲ್ಕೂವರೆ ತಾಸು ಹಾಗೇ ಕೂತಿದ್ದೆವು. ಬೆಳಕು ಇಳಿಯುವ ಹೊತ್ತಿಗೆ ಹಿಮ ಬಳಿಯುವ ಯಂತ್ರದ ಹಳದಿ ದೀಪ ಕಂಡಿತು. ಅದರಿಂದ ಇಳಿದ ಗಡ್ಡದ ಮನುಷ್ಯ ಮರ ಕೊಯ್ದು ಸರಿಸಿ, ನಮ್ಮ ಕಾರನ್ನು ಹಗ್ಗ ಹಾಕಿ ಎಳೆದು, ಕಿಟಕಿಯೊಳಗೆ ಬಗ್ಗಿ ನೋಡಿದ. ಅವನು ಕೇಳಿದ ಮೊದಲ ಪ್ರಶ್ನೆಯೇ ಕಾಲಿನದು. ಎಲ್ಲರ ಪಾದ ಒಣಗಿವೆಯಾ, ಬೆರಳು ಆಡುತ್ತವೆಯಾ ಎಂದ. ಪಾಪ, ಇಷ್ಟು ಕಷ್ಟಪಟ್ಟು ಬಂದವನಿಗೆ ಇನ್ನೂ ತೊಂದರೆ ಕೊಡುವುದು ಹೇಗೆ ಎನಿಸಿ, ಎಲ್ಲ ಆರಾಮ ಇದ್ದೇವೆ ಎಂದು ನಾಲ್ವರ ಪರವಾಗಿ ನಾನೇ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟೆ.

ಖಾನ್ಕೋಬನ್

ಬೆಟ್ಟದ ಆ ಕಡೆ ಕೆಳಗಿನ ಸಣ್ಣ ಊರು ಖಾನ್ಕೋಬನ್. ರಾತ್ರಿ ಒಂದು ಮೋಟೆಲ್ ಸೇರಿದೆವು. ಕೋಣೆಯಲ್ಲಿ ದೀಪ ಹಾಕಿ ನಮ್ಮವರ ಸಾಕ್ಸು ಎಳೆದಾಗ ಎಡಗಾಲು ಕೆಂಪಗಿತ್ತು, ಬಲಗಾಲಿನ ಬೆರಳುಗಳು ಮೇಣದ ಹಾಗೆ ಬೆಳ್ಳಗಿದ್ದವು. ಆದರೆ ಇದಕ್ಕೆ ಏನು ಮಾಡಬೇಕೆಂದು ನನಗೆ ಗೊತ್ತಿದೆ ಎಂದುಕೊಂಡೆ. ಕಾಲು ನೋವು, ಕಾಲು ಊತ, ಕಾಲು ತಣ್ಣಗೆ, ಯಾವುದಿದ್ದರೂ ನಮ್ಮ ಮನೆಯಲ್ಲಿ ಮದ್ದು ಒಂದೇ, ಉಪ್ಪು ಹಾಕಿದ ಬಿಸಿನೀರು. ಸ್ಪೋರ್ಟ್ಸ್ ದಿನ ಮುಗಿಸಿ ಬಂದವರಿಗೆ ಎಷ್ಟು ವರ್ಷ ನಾನೇ ಬೋಗುಣಿಯಲ್ಲಿ ಇಟ್ಟುಕೊಟ್ಟಿಲ್ಲ!

ಕೋಣೆಯ ಕೆಟಲ್‌ನಲ್ಲಿ ನೀರು ಕಾಯಿಸಿದೆ. ಬಾತ್‌ರೂಮಿನಲ್ಲಿದ್ದ ಪ್ಲಾಸ್ಟಿಕ್ ಕಸದ ಡಬ್ಬಿ ತೊಳೆದು ತಂದು, ತಣ್ಣೀರು ಬೆರೆಸಿ, ಉಪ್ಪು ಹಾಕಿ, ಕೈ ಅದ್ದಿ ನೋಡಿದೆ. ನನ್ನ ಕೈಯೂ ಆಗ ಮರಗಟ್ಟಿತ್ತು, ಉಗುರು ಬೆಚ್ಚಗೆ ಅನಿಸಿತು. ಅವರ ಬಲಗಾಲನ್ನು ಎತ್ತಿ ಒಳಗೆ ಇಟ್ಟೆ.

"ಬಿಸಿ ಅದ ಏನ್ರಿ?"

"ಗೊತ್ತಾಗವಲ್ದು."

ಬಿಸಿ ಸಾಲದು ಎಂದು ನಾನು ತಿಳಿದುಕೊಂಡೆ. ಇನ್ನೊಂದು ಕೆಟಲ್ ಕಾಯಿಸಿ ಹೊಯ್ದೆ.

ಇದನ್ನು ಬರೆಯುವಾಗ ಕೈ ನಿಲ್ಲುತ್ತದೆ. ಹದಿನೆಂಟು ವರ್ಷ ಅವರ ಶುಗರ್ ನೋಡಿಕೊಂಡವಳು, ಮೊಳೆ ಚುಚ್ಚಿದ್ದು ಗೊತ್ತಾಗದ ಕಾಲು ಎಂದು ಊರಿಗೆಲ್ಲ ಹೇಳಿದವಳು, ಆ ಗಳಿಗೆಯಲ್ಲಿ ಅದೇ ಕಾಲನ್ನು ಬಿಸಿ ಅದ ಏನು ಎಂದು ಕೇಳಿದೆ. ಅವರು ಇದ್ದದ್ದನ್ನು ಇದ್ದಂತೆ ಹೇಳಿದರು. ಆಮೇಲೆ ಟವೆಲ್ಲಿನಿಂದ ಒರೆಸಿ, ಪಾದ ಕೆಂಪಾದದ್ದು ನೋಡಿ, ರಕ್ತ ಓಡಿತು ಎಂದು ಸಮಾಧಾನಪಟ್ಟು ಮಲಗಿದೆ.

ಬೆಳಿಗ್ಗೆ ಪಾದದ ಮೇಲೆ ನೀರು ತುಂಬಿದ ಗುಳ್ಳೆಗಳು ಲಿಂಬೆಹಣ್ಣಿನ ಗಾತ್ರಕ್ಕೆ ಎದ್ದಿದ್ದವು. ಅದೇ ಬೆಳಿಗ್ಗೆ ವಿಜಿಯ ಮೊಬೈಲಿಗೆ ಸಿಗ್ನಲ್ ಬಂದು, ಅವಳು ಹಿಂದಿನ ದಿನವೇ ಕಳಿಸಲು ಒತ್ತಿದ್ದ ಫೋಟೋ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ತಾನಾಗಿಯೇ ಹೋಯಿತು. ಹಿಮದ ಲಿಂಗ, ಕಣ್ಣು ಮುಚ್ಚಿದ ನಾನು, ಪಕ್ಕದಲ್ಲಿ ಬರಿಗಾಲಿನ ನಮ್ಮವರು. ದಾರಿಯಲ್ಲಿ ಸಿಕ್ಕ ಆಸ್ಪತ್ರೆಯಲ್ಲಿ ಅವರ ಕಾಲಿಗೆ ಪಟ್ಟಿ ಸುತ್ತಿ ಆಂಬುಲೆನ್ಸಿನಲ್ಲಿ ಮೆಲ್ಬರ್ನಿಗೆ ಕಳಿಸುವಷ್ಟರಲ್ಲಿ, ಪುಣ್ಯ ಮಾಡೀರಿ, ಸಾಕ್ಷಾತ್ ಕೈಲಾಸ ಎಂದು ಊರಿನಿಂದ ಉತ್ತರಗಳು ಬಂದು ಬೀಳತೊಡಗಿದ್ದವು. ಮುಂದೆ ಎಷ್ಟೋ ದಿನ ಬರುತ್ತಲೇ ಇದ್ದವು. ಯಾರಿಗೂ ನಾನು ನಿಜ ಹೇಳಲಿಲ್ಲ.

ಮೆಲ್ಬರ್ನ್

ಮೆಲ್ಬರ್ನಿನಲ್ಲಿ ಒಂದೇ ದಿನಕ್ಕೆ ನಾಲ್ಕು ಋತು ಎಂದು ಅಲ್ಲಿಯವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ನಾನು ಕಂಡದ್ದು ಆಸ್ಪತ್ರೆಯ ಏಳನೇ ಮಹಡಿಯ ಕಿಟಕಿಯಿಂದ. ಕೆಳಗೆ ಟ್ರಾಮುಗಳು ಗಂಟೆ ಬಾರಿಸುತ್ತ ಹೋಗುತ್ತಿದ್ದವು. ಜನ ರಟ್ಟಿನ ಲೋಟದಲ್ಲಿ ಕಾಫಿ ಹಿಡಿದುಕೊಂಡು, ಬಿಸಿಲಿಗೂ ಮಳೆಗೂ ಒಂದೇ ಮುಖ ಮಾಡಿಕೊಂಡು ರಸ್ತೆ ದಾಟುತ್ತಿದ್ದರು. ಆಸ್ಪತ್ರೆಯೊಳಗೂ ಹಾಗೆಯೇ. ನರ್ಸುಗಳು ದೇವತೆಗಳಂಥವರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೊರಗಿನ ಕುರ್ಚಿಗಳಲ್ಲಿ ಕೂತವರು ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ನಮ್ಮ ಧಾರವಾಡದ ಆಸ್ಪತ್ರೆಯ ಪಡಸಾಲೆಯಾಗಿದ್ದರೆ ಇಷ್ಟು ಹೊತ್ತಿಗೆ ಯಾರೋ ಗುರುತಿಲ್ಲದವಳು ಪಕ್ಕಕ್ಕೆ ಸರಿದು ಕೂತು, ಯಾರು, ಏನಾಗಿದೆ, ಎಷ್ಟು ದಿನ ಆತು ಎಂದು ಕೇಳಿ, ತನ್ನ ಬುತ್ತಿಯ ರೊಟ್ಟಿ ಮುರಿದು ಕೊಡುತ್ತಿದ್ದಳು. ಊರಲ್ಲಿ ಆ ಪ್ರಶ್ನೆಗಳಿಗೆ ನಾನು ಎಷ್ಟು ಸಿಡಿಮಿಡಿಗೊಂಡಿಲ್ಲ! ಅಲ್ಲಿ ಯಾರಾದರೂ ಕೇಳಲಿ ಎಂದು ಜೀವ ಹಂಬಲಿಸಿತು. ಕೇಳಿದ್ದರೆ, ನಾನೇ ಮಾಡಿದ್ದು ಎಂದು ಹೇಳಿಬಿಡುತ್ತಿದ್ದೆ.

ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಅವಳನ್ನು ಕೇಳಿದೆ, ಕಾಲನ್ನು ಕೆಡಿಸಿದ್ದು ಹಿಮವೋ, ಬಿಸಿನೀರೋ? ಎರಡೂ ಸೇರಿ ಎಂದಳು, ಬೇರ್ಪಡಿಸಲು ಬರುವುದಿಲ್ಲ ಎಂದಳು. ಒಳ್ಳೆಯತನಕ್ಕೆ ಹಾಗೆ ಹೇಳಿದಳೋ, ನಿಜವೇ ಹಾಗಿತ್ತೋ ತಿಳಿಯದು. ನನಗಂತೂ ಎರಡೂ ನನ್ನ ಲೆಕ್ಕಕ್ಕೇ ಸೇರುತ್ತಿದ್ದವು. ಬೆರಳುಗಳು ದಿನದಿನಕ್ಕೂ ಕಪ್ಪಾಗತೊಡಗಿದವು. ಒಂದು ದಿನ ಜ್ವರ ಬಂತು, ಪಟ್ಟಿ ಬಿಚ್ಚಿದಾಗ ವಾಸನೆ ಬಂತು.

ಮೇಘನಾ ಕಾಲೇಜು ಮುಗಿಸಿ ಸಂಜೆ ಬರುತ್ತಿದ್ದಳು. ಮೊದಲ ಸಂಜೆಯೇ, ದೊಡ್ಡಮ್ಮನಿಗೆ ಸಮಾಧಾನವಾಗಲಿ ಎಂದು ಎಲ್ಲಿಂದಲೋ ಸಣ್ಣ ಶಿವನ ಪಟವೊಂದನ್ನು ತಂದು ಮೇಜಿನ ಮೇಲೆ ಇಟ್ಟಿದ್ದಳು. ಅವಳು ಹೋದ ಮೇಲೆ ನಾನು ಅದನ್ನು ಬೋರಲು ಹಾಕಿದೆ. ಕೈ ಜೋಡಿಸಲು ಹೋದರೆ ಕೈ ಕೂಡುತ್ತಿರಲಿಲ್ಲ. ನಿನ್ನ ಮುಂದೆ ನಿಂತದ್ದಕ್ಕೆ ಈ ಪ್ರಸಾದವೇನು ಎಂದು ಕೇಳಿದೆ. ನೂರೆಂಟು ಎಣಿಸುವವರೆಗೆ ಬಿರುಗಾಳಿಯನ್ನು ತಡೆದು ನಿಲ್ಲಿಸಲಾಗದವನು ಯಾವ ಸೀಮೆಯ ದೇವರು ಎಂದು ಬೈದೆ. ಬೈದು ಮುಗಿದ ಮೇಲೆ, ಅವನು ಎಣಿಸು ಎಂದು ಹೇಳಿರಲೇ ಇಲ್ಲವಲ್ಲ ಎಂಬುದು ನೆನಪಾಗಿ ಇನ್ನೂ ಕುಸಿದೆ.

ಒಂದು ಮಧ್ಯಾಹ್ನ ನಮ್ಮವರನ್ನು ಕೇಳಿಯೇಬಿಟ್ಟೆ, ಅಂದು ಅಷ್ಟು ಹೊತ್ತು ನಿಂತಾಗ ನಿಮಗೆ ಏನೂ ಅನಿಸಲಿಲ್ಲವೇ ಎಂದು. ಇಲ್ಲ ಎಂದಿದ್ದರೆ ನನ್ನ ಭಾರ ಕೂದಲೆಳೆಯಷ್ಟಾದರೂ ಇಳಿಯುತ್ತಿತ್ತು. ಅವರು ಸುಳ್ಳು ಹೇಳುವವರಲ್ಲ.

"ಎಡಗಾಲು ಸುಡ್ಲಿಕತ್ತಿತ್ತು. ನೀ ಕಣ್ಣು ಮುಚ್ಚಿ ಎಣಸ್ಲಿಕತ್ತಿದ್ದಿ. ನಡುವ ಹೆಂಗ ನಿಲ್ಲಸ್ಲಿ?"

ಎದ್ದು ಹೋಗಿ ಬಾತ್‌ರೂಮಿನ ನಲ್ಲಿ ಬಿಟ್ಟುಕೊಂಡು ಅತ್ತೆ.

ಸೋಮವಾರ

ಆಪರೇಷನ್ನಿಗೆ ಸೋಮವಾರವೇ ಗೊತ್ತಾಯಿತು, ಹಿಮದ ದಿನದಿಂದ ಎರಡು ವಾರಕ್ಕೆ. ಮೂರು ಬೆರಳು ತೆಗೆಯಬೇಕು, ಆದರೆ ತೆರೆದು ನೋಡಿದಾಗ ಕೊಳೆತ ಮೇಲಕ್ಕೆ ಹೋಗಿದ್ದರೆ ಮೊಣಕಾಲಿನ ಕೆಳಗೆ ಕತ್ತರಿಸಬೇಕಾಗುತ್ತದೆ ಎಂದು ಡಾಕ್ಟರು ಹೇಳಿದಳು. ಎರಡಕ್ಕೂ ಒಪ್ಪಿಗೆಯ ಸಹಿ ಬೇಕಿತ್ತು. ನಮ್ಮವರು ಎರಡೂ ಕಡೆ ಸಹಿ ಹಾಕಿ, ಪೆನ್ನು ವಾಪಸು ಕೊಟ್ಟು, ನನ್ನ ಕಡೆ ನೋಡದೆ ಗಾಲಿಮಂಚದ ಮೇಲೆ ಹೋದರು. ಅವರ ಮುಖದಲ್ಲಿ ನಾನು ಭಯ ಕಂಡದ್ದು ಅದೇ ಮೊದಲು.

ಮೂವತ್ತು ವರ್ಷದಲ್ಲಿ ತಪ್ಪದ ಸೋಮವಾರದ ಒಪ್ಪತ್ತನ್ನು ಅಂದು ಬೇಕೆಂದೇ ಮುರಿದೆ. ಬೆಳಿಗ್ಗೆಯೇ ಮೇಘನಾಳ ಕೈಯಲ್ಲಿ ಬ್ರೆಡ್ ತರಿಸಿಕೊಂಡು ತಿಂದೆ. ನೀರು ಕುಡಿದು ಇಳಿಸಿದೆ. ಆ ಶಿವನಿಗೆ ನೋವಾಗಲಿ ಎಂಬ ಹಟ. ವಿಜಿ ನನ್ನ ಬೆನ್ನ ಮೇಲೆ ಕೈ ಇಟ್ಟುಕೊಂಡು ಕೂತಿದ್ದಳು. ಅನಿಲ ಕಿಟಕಿಯ ಹತ್ತಿರ ನಿಂತೇ ಇದ್ದ. ಅಷ್ಟು ದಿನದಲ್ಲಿ ಒಮ್ಮೆಯೂ ಅವನು, ನಾನು ಹೇಳಿದ್ದೆನಲ್ಲ ಅಕ್ಕ, ಎನ್ನಲಿಲ್ಲ. ಅದು ಅವನ ದೊಡ್ಡತನ.

ಮೊಣಕಾಲ ಕೆಳಗೆ ಕಾಲಿಲ್ಲದ ಪಿ.ಟಿ. ಮಾಸ್ತರರನ್ನು ಊಹಿಸಿಕೊಳ್ಳಲು ಹೋದೆ, ಆಗಲಿಲ್ಲ. ಮೂರು ತಾಸಿನ ಮೇಲೆ ಡಾಕ್ಟರು ಟೊಪ್ಪಿಗೆ ಬಿಚ್ಚುತ್ತ ಹೊರಗೆ ಬಂದಳು. ಮೂರು ಬೆರಳು, ಅಷ್ಟೇ, ಕಾಲು ಉಳಿಯಿತು ಎಂದಳು. ವಿಜಿ ಮೇಘನಾಳನ್ನು ತಬ್ಬಿಕೊಂಡಳು. ನನಗೆ ಖುಷಿಯಾಗಲಿಲ್ಲ. ಮೂರು ಬೆರಳು ಹೋಯಿತಲ್ಲ ಎಂದೇ ಅನಿಸಿತು. ಮನಸ್ಸು ಅಷ್ಟು ಕಲ್ಲಾಗಿತ್ತು.

ನಮ್ಮವರಿಗೆ ಅರೆಬರೆ ಎಚ್ಚರ ಬಂದ ಮೇಲೆ ಒಬ್ಬ ನರ್ಸ್ ಒಂದು ಹಾಳೆ ಹಿಡಿದು ಬಂದಳು. ಅದರಲ್ಲಿ ಎರಡು ಚೌಕ. ಮೇಘನಾ ಓದಿ, ಮುಖ ಸಣ್ಣದು ಮಾಡಿಕೊಂಡು, ತನ್ನ ತುಂಡು ಕನ್ನಡದಲ್ಲಿ ನನಗೆ ಹೇಳಿದಳು.

"ದೊಡ್ಡಮ್ಮ, ಅವ್ರು ಕೇಳ್ತಿದಾರೆ... ಆ ಬೆರಳು. ಹಾಸ್ಪಿಟಲ್‌ಗೇ ಬಿಡ್ಬೋದು. ಇಲ್ಲಾಂದ್ರೆ ನಾವು ತಗೊಂಡ್ ಹೋಗ್ಬೋದಂತೆ, ಏನಾದ್ರೂ ರಿಚುವಲ್ ಇದ್ರೆ."

ಈ ನೆಲದ ಮೂಲ ಜನ ಕೆಲವರು ಹಾಗೆ ಒಯ್ದು ತಮ್ಮ ಮಣ್ಣಿನಲ್ಲಿ ಹೂಳುತ್ತಾರೆ, ಅದಕ್ಕೆ ಎಲ್ಲರನ್ನೂ ಕೇಳುತ್ತೇವೆ ಎಂದು ನರ್ಸ್ ವಿವರಿಸಿದಳು. ನಮ್ಮಲ್ಲಿ ಇಂಥದ್ದನ್ನು ಯಾರೂ ಕೇಳಿದ್ದು ನಾನು ಕಾಣೆ. ಮೂರು ಬೆರಳಿಗೆ ಯಾವ ಸಂಸ್ಕಾರ, ಯಾವ ಮಂತ್ರ? ಯಾವ ಆಚಾರ್ಯರನ್ನು ಫೋನಿನಲ್ಲಿ ಕೇಳಲಿ? ಹಾಳೆಯನ್ನು ಕೈಯಲ್ಲಿ ಹಿಡಿದು ನಿಂತಿದ್ದೆ. ಅದರ ಮೇಲೆ ನಮ್ಮವರ ಹೆಸರು, ಅದರ ಕೆಳಗೆ ದೇಹದ ಯಾವ ಭಾಗ ಎಂದು ಬರೆಯುವ ಜಾಗ. ಅಲ್ಲಿ ಬೆರಳು ಎಂದಿತ್ತು. ಕಾಲು ಎಂದು ಇರಲಿಲ್ಲ. ಆ ಕಾರಿನಲ್ಲಿ ಇನ್ನೂ ನಾಲ್ಕು ತಾಸು ಕೂತಿದ್ದರೆ ಭಾಗದ ಹೆಸರು ಬರೆಯುವ ಅಗತ್ಯವೇ ಇರುತ್ತಿರಲಿಲ್ಲ, ಮೇಘನಾ ಒಬ್ಬಳೇ ನಿಂತು ನಾಲ್ಕು ಹಾಳೆಗಳಿಗೆ ಸಹಿ ಹಾಕಬೇಕಾಗುತ್ತಿತ್ತು. ಇಷ್ಟು ದಿನ ನಾನು ಹೋದದ್ದನ್ನು ಮಾತ್ರ ನೋಡುತ್ತ ಕೂತಿದ್ದೆ.

ಏನದು ಎಂದು ನಮ್ಮವರು ಮಲಗಿದಲ್ಲಿಂದ ಕೇಳಿದರು. ಹೇಳಿದೆ. ಅವರು ಕಣ್ಣು ಮುಚ್ಚಿದರು, ಮತ್ತೆ ನಿದ್ದೆ ಹೋದರೆಂದೇ ತಿಳಿದೆ.

"ಇಲ್ಲೇ ಬಿಡೂಣು. ಅವನ್ನ ಕಟಗೊಂಡು ಎಲ್ಲೆ ತಿರಗೂದು. ಆದ್ರ ಹಂಗ ಬಿಡಬ್ಯಾಡ, ಒಂದು ನಮಸ್ಕಾರ ಮಾಡು. ಅರವತ್ತೆರಡು ವರ್ಷ ಓಡ್ಯಾವು."

"ನೀವ ಮಾಡ್ರಿ."

"ನನ್ನ ಕೈಗೆ ಸಲಾಯಿನ್ ಹಚ್ಯಾರ."

ನಿಜವೇ, ಒಂದು ಕೈಯಲ್ಲಿ ಸೂಜಿ, ಇನ್ನೊಂದಕ್ಕೆ ರಕ್ತದೊತ್ತಡದ ಪಟ್ಟಿ. ಅವರ ಎರಡು ಕೈ ಕೂಡುವ ಹಾಗಿರಲಿಲ್ಲ. ಅವು ಈಗ ಎಲ್ಲಿವೆ ಎಂದು ನರ್ಸಿಗೆ ಕೇಳಿದೆ. ಎರಡು ಮಹಡಿ ಕೆಳಗೆ, ಈ ದಿಕ್ಕಿನಲ್ಲಿ ಎಂದು ಅವಳು ನೆಲದ ಒಂದು ಮೂಲೆಯನ್ನು ತೋರಿಸಿದಳು. ನಾನು ಚಪ್ಪಲಿ ಬಿಡಲಿಲ್ಲ. ಹಾಗೇ ನಿಂತು ಆ ಮೂಲೆಯ ಕಡೆ ತಿರುಗಿ ಕೈ ಜೋಡಿಸಿದೆ. ಎರಡು ವಾರದಿಂದ ಕೂಡದಿದ್ದ ಕೈ ಕೂಡಿದವು. ಮಂತ್ರ ಯಾವುದೂ ಬಾಯಿಗೆ ಬರಲಿಲ್ಲ. ದಿನಾ ಸಂಜೆ ಮೈದಾನದಿಂದ ಇವರನ್ನು ಮನೆಗೆ ಕರೆದುಕೊಂಡು ಬಂದಿರಿ, ನಾನೇ ನಿಮ್ಮನ್ನು ಸುಟ್ಟೆ, ತಪ್ಪಾಯಿತು ಎಂದು ಬೆರಳುಗಳಿಗೆ ಹೇಳಿದೆ. ಆಮೇಲೆ, ಅವನ ಹೆಸರು ಹಿಡಿಯುವುದಿಲ್ಲ ಎಂದು ಹಟ ತೊಟ್ಟಿದ್ದವಳ ಬಾಯಿಂದಲೇ, ಶಿವನೇ, ಇಷ್ಟಕ್ಕೇ ಬಿಟ್ಟೆಯಲ್ಲಪ್ಪ ಎಂದು ಬಂತು. ನನ್ನ ತಪ್ಪು ಅದರಿಂದ ಚೂರೂ ಕರಗಲಿಲ್ಲ, ಇವತ್ತಿಗೂ ಕರಗಿಲ್ಲ. ಆದರೆ ಮಂಚದ ಮೇಲೆ ಅವರು ಉಸಿರಾಡುವುದು ಆಗ ಮೊದಲ ಸಲ ನನ್ನ ಕಿವಿಗೆ ಬಿತ್ತು.

ಮುಖ ಒರೆಸಿಕೊಂಡು ತಿರುಗಿದಾಗ ನರ್ಸೂ ತಲೆ ಬಗ್ಗಿಸಿ ನಿಂತಿದ್ದಳು. ನಾನು ಆಸ್ಪತ್ರೆಗೇ ಬಿಡುವ ಮೊದಲನೆಯ ಚೌಕದಲ್ಲಿ ಗೆರೆ ಎಳೆದು, ಸಹಿ ಹಾಕಿ, ಹಾಳೆಯನ್ನು ಅವಳ ಕೈಗೆ ಕೊಟ್ಟೆ.